ಎದುರಾಳಿಗೆ ಸೊನ್ನೆ

ಶನಿವಾರ ಮೈದಾನದಲ್ಲಿ ಜನರ ಕಿವಿ ಹಾಳು ಮಾಡುತ್ತಾನೆ, ಸೋಮವಾರ ಅಂಗಡಿ ತೆಗೆದು ಅದೇ ಕಿವಿಗೆ ಯಂತ್ರ ಮಾರುತ್ತಾನೆ. ನಮ್ಮ ಲೋಬೆಕ್ ಊರಿನಲ್ಲಿ ಬುರ್ಕ್‌ಹಾರ್ಟ್ ಸೊಬೊಟ್ಟಾನ ಬಗ್ಗೆ ಇದ್ದ ಹಾಸ್ಯ ಇಷ್ಟೇ. ಇದನ್ನು ಮೊದಲು ಹೇಳಿದವರು ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ಅಂಗಡಿಗೆ ಬಂದ ಗಿರಾಕಿಗಳು ಕುರ್ಚಿಯಲ್ಲಿ ಕೂರುವ ಮೊದಲು, ತಮಗೇ ಆ ಕ್ಷಣ ಹೊಳೆಯಿತೆಂಬಂತೆ, ಅದನ್ನೇ ಹೇಳಿ ನಗುತ್ತಿದ್ದರು. ಬುರ್ಕ್‌ಹಾರ್ಟನೂ ನಗುತ್ತಿದ್ದ. ಈಚಿನ ಮೂರು ವರ್ಷಗಳಲ್ಲಂತೂ ಗಿರಾಕಿಯ ತುಟಿ ನಿಂತ ಕೂಡಲೇ ನಗುತ್ತಿದ್ದ. ಅವರು ಹೇಳಿದ್ದೇನೆಂದು ಅವನಿಗೆ ಕೇಳಿಸುತ್ತಿರಲಿಲ್ಲ; ಬೇರೇನೂ ಹೇಳಿರಲಾರರು ಎಂಬ ನಂಬಿಕೆ ಇತ್ತು.

ಹೌದು, ಕಿವಿಯ ಯಂತ್ರ ಮಾರುವವನ ಕಿವಿಯೇ ಮಂದವಾಗಿತ್ತು. ಪೂರ್ತಿ ಕಿವುಡೇನಲ್ಲ. ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎದುರಿಗೆ ಒಬ್ಬರೇ ಕೂತು ಮಾತಾಡಿದರೆ ತುಟಿ ನೋಡಿ ಅರ್ಧ, ಊಹಿಸಿ ಅರ್ಧ ದಾಟಿಸಬಹುದಿತ್ತು. ನಾಲ್ಕು ಜನ ಸೇರಿದರೋ, ಎಲ್ಲರ ಮಾತೂ ಕಲಸಿ ಗಂಜಿಯಾಗಿಬಿಡುತ್ತಿತ್ತು. ಇದೇ ದೂರನ್ನು ಹೊತ್ತು ತಂದವರಿಗೆ ಅವನು ಮೇಜಿಗೆ ಮೊಣಕೈ ಊರಿ, "ಇದ್ರಲ್ಲಿ ನಾಚ್ಕೆ ಏನ್ರೀ? ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಲ್ವಾ?" ಎಂದು ಬುದ್ಧಿ ಹೇಳುತ್ತಿದ್ದ. ಆ ಬುದ್ಧಿ ಮೇಜು ದಾಟಿ ಆ ಕಡೆಗೆ ಹೋಗುತ್ತಿತ್ತೇ ಹೊರತು ಈ ಕಡೆ ಉಳಿಯುತ್ತಿರಲಿಲ್ಲ.

ಅವನು ಯಂತ್ರ ಹಾಕಿಕೊಳ್ಳದ್ದಕ್ಕೆ ಕಾರಣ ಅಂಗಡಿಯಲ್ಲ, ಮೈಕು. ಇಪ್ಪತ್ತು ವರ್ಷಕ್ಕೂ ಮೇಲಾಗಿ ಲೋಬೆಕ್ ಕ್ಲಬ್ಬಿನ ಮೈದಾನದಲ್ಲಿ ಕೂಗುವವನು ಅವನೇ. ಆಟಗಾರರ ಹೆಸರು, ಗೋಲು, ತಪ್ಪು ಜಾಗದಲ್ಲಿ ನಿಲ್ಲಿಸಿದ ಕಾರಿನ ನಂಬರು, ಕಳೆದುಹೋದ ಅಜ್ಜ, ಎಲ್ಲವೂ ಅವನ ಗಂಟಲಿನಿಂದಲೇ ಊರಿಗೆ ತಿಳಿಯಬೇಕು. ಕ್ಲಬ್ಬಿನ ಅಧ್ಯಕ್ಷ ಫೋಲ್ಕ್‌ಮಾರ್ ಡ್ರೇಸನ್, ಕಸುಬಿನಲ್ಲಿ ಹಲ್ಲಿನ ಡಾಕ್ಟರು, ರೇಡಿಯೋದ ಯಾವನೋ ಮೃದು ಕಂಠದವನನ್ನು ಈ ಕೆಲಸಕ್ಕೆ ಕರೆತರುವ ಮಾತನ್ನು ಆಗಲೇ ಎರಡು ಸಲ ತೆಗೆದಿದ್ದ. ಕೂಗುವವನಿಗೇ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದರೆ ಮೂರನೆಯ ಸಲ ತೆಗೆಯಬೇಕಾದ ಪ್ರಮೇಯವೇ ಇರುವುದಿಲ್ಲ. ಮೈಕು ಹೋದರೆ ಶನಿವಾರ ಏನು ಮಾಡುವುದು? ಬುರ್ಕ್‌ಹಾರ್ಟನಿಗೆ ಬೇರೆ ಶನಿವಾರಗಳ ಅಭ್ಯಾಸವಿರಲಿಲ್ಲ.

ಹಾಗಾದರೆ ಇಷ್ಟು ದಿನ ಸಿಕ್ಕಿಬೀಳದೆ ಹೇಗೆ ನಡೆಸಿದ? ಅದಕ್ಕೆ ನಮ್ಮೂರಿನ ಸಂಪ್ರದಾಯವೇ ಸಹಾಯ ಮಾಡಿತು.

ಲೋಬೆಕ್ ಒಂದು ಗೋಲು ಹೊಡೆದಾಗ ಕೂಗುವವನು ಸುಮ್ಮನೆ ಅಂಕ ಹೇಳಿ ಮುಗಿಸುವಂತಿಲ್ಲ. ಜನರ ಬಾಯಿಂದ ಹೇಳಿಸಬೇಕು. ಅವನು "ಲೋಬೆಕ್?" ಎನ್ನುತ್ತಾನೆ. ನಿಂತು ನೋಡುವ ಕಟ್ಟೆಯ ಜನ "ಒಂದು!" ಎಂದು ಅರಚುತ್ತಾರೆ. "ಎದುರಾಳಿ?" ಎನ್ನುತ್ತಾನೆ. "ಸೊನ್ನೆ!" ಎನ್ನುತ್ತಾರೆ. "ಥ್ಯಾಂಕ್ಸ್!" ಎನ್ನುತ್ತಾನೆ. "ಪರವಾಗಿಲ್ಲ!" ಎನ್ನುತ್ತಾರೆ. ಇದರಲ್ಲಿ ಗಮನಿಸಬೇಕಾದ್ದು ಒಂದೇ: ಎದುರಾಳಿ ಎರಡು ಹೊಡೆದಿರಲಿ, ಐದು ಹೊಡೆದಿರಲಿ, ಉತ್ತರ ಯಾವಾಗಲೂ ಸೊನ್ನೆಯೇ. ಕಟ್ಟೆಯ ಲೆಕ್ಕದ ಪ್ರಕಾರ ಬುರ್ಕ್‌ಹಾರ್ಟ್ ಮೈಕು ಹಿಡಿದಾಗಿನಿಂದ ಲೋಬೆಕ್ ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ. ಅಂಥ ಅದ್ಭುತ ತಂಡ ಎರಡನೆಯ ಲೀಗಿನಿಂದ ಮೂರನೆಯದಕ್ಕೆ ಹೇಗೆ ಬಿತ್ತು ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡವರಲ್ಲ.

ಉತ್ತರ ಎಂದಿಗೂ ಬದಲಾಗದ ಪ್ರಶ್ನೆಯನ್ನು ಕೇಳಲು ಕಿವಿ ಯಾಕೆ ಬೇಕು? ಗದ್ದಲ ಏಳುತ್ತದೆ, ಇಳಿಯುತ್ತದೆ, ಥ್ಯಾಂಕ್ಸ್ ಹೇಳಬೇಕು. ಅಷ್ಟೇ.

ಈ ವರ್ಷ ಮೇ ತಿಂಗಳಲ್ಲಿ ಲೋಬೆಕ್ ಮೂರನೆಯ ಲೀಗಿನಿಂದಲೂ ಬಿತ್ತು. ಮೂರನೆಯದು ಸಂಬಳದ ಫುಟ್‌ಬಾಲಿನ ಕೊನೆಯ ಮೆಟ್ಟಿಲು. ಅದರ ಕೆಳಗಿನ ಲೀಗಿನಲ್ಲಿ ಗೋಲ್‌ಕೀಪರ್ ವಾರದ ದಿನಗಳಲ್ಲಿ ಬಚ್ಚಲಿಗೆ ಟೈಲ್ಸ್ ಹಾಕಲು ಹೋಗಬೇಕಾಗುತ್ತದೆ. ಬಿದ್ದದ್ದಾದರೂ ಹೇಗೆ? ನಮಗಿಂತ ಒಂದು ಸ್ಥಾನ ಮೇಲಿದ್ದವರದೂ ನಮ್ಮಷ್ಟೇ ಅಂಕ. ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದು ನೋಡಿದರು. ನಮ್ಮದು ಒಂದು ಕಡಿಮೆ. ಒಂದೇ ಒಂದು. ಕೊನೆಯ ಪಂದ್ಯದಲ್ಲಿ, ಕೊನೆಯ ಗಳಿಗೆಯಲ್ಲಿ, ಎಲ್ಲರೂ ಕಾರ್ನರ್ ಕಿಕ್‌ಗೆಂದು ಮುಂದೆ ಓಡಿದ್ದಾಗ, ಖಾಲಿ ಬಿದ್ದಿದ್ದ ನಮ್ಮ ಗೋಲಿಗೆ ಎದುರಾಳಿಯೊಬ್ಬ ವಾಕಿಂಗ್ ಹೊರಟವನಂತೆ ಬಂದು ಚೆಂಡು ತಳ್ಳಿ ಹೋದ. ಆ ಪಂದ್ಯದಲ್ಲಿ ನಾವು ತಿಂದ ಮೂರನೆಯ ಗೋಲು ಅದು.

ಮರುದಿನ ಭಾನುವಾರ, ಸೀಸನ್ನಿನ ಪಾರಾಯಣ.

ಇದೂ ನಮ್ಮ ಹಳೆಯ ಪದ್ಧತಿ. ಕೊನೆಯ ಪಂದ್ಯದ ಮಾರನೆಯ ಬೆಳಿಗ್ಗೆ ಕ್ಲಬ್ಬಿನ ಹಾಲ್‌ನಲ್ಲಿ ಸದಸ್ಯರೆಲ್ಲ ಸೇರಬೇಕು. ಆಲೂಗಡ್ಡೆ ಸಾಲಡ್ಡು, ಸಾಸೇಜು, ಬಿಯರು. ಬುರ್ಕ್‌ಹಾರ್ಟ್ ಮೈಕು ಹಿಡಿದು ಇಡೀ ಸೀಸನ್ನನ್ನು ಮೊದಲ ಪಂದ್ಯದಿಂದ ಕೊನೆಯದರ ತನಕ ಓದಬೇಕು. ಪ್ರತಿ ಪಂದ್ಯಕ್ಕೂ "ಲೋಬೆಕ್?", "ಎದುರಾಳಿ?" ನಡೆಯಬೇಕು.

ಹೊರಡುವ ಮೊದಲು ಅವನ ಹೆಂಡತಿ ರೋಸ್ವಿಟಾ ಕನ್ನಡಿಯ ಮುಂದೆ ನಿಂತು ಏನೋ ಅಂದಳು. ಅಂಗಡಿಯಲ್ಲಿ ಗಿರಾಕಿಗಳ ಕಿವಿ ಪರೀಕ್ಷೆ ಮಾಡುವವಳು ಅವಳೇ. ಗಂಡನ ಕಿವಿ ಮಾತ್ರ ಅವಳ ಕೈಗೆ ಸಿಕ್ಕಿರಲಿಲ್ಲ.

"ಏನು?" ಎಂದ ಬುರ್ಕ್‌ಹಾರ್ಟ್.

"ಇವತ್ತು ಎಲ್ರಿಗೂ ಹೇಳ್ಬಿಡು ಅಂದೆ."

"ಶೂ ಹಾಕ್ಕೊಂಡಿದ್ದೀನಲ್ಲ."

ರೋಸ್ವಿಟಾ ತಿರುಗಿ ಅವನ ಎದುರಿಗೆ ಬಂದು ನಿಂತಳು. ಮೂರು ವರ್ಷದಿಂದ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿ ಅವಳಿಗೆ ದವಡೆ ನೋವು ಬಂದಿತ್ತು. "ಹೇಳ್ಬಿಡು. ಕಿವಿ ಕೇಳ್ಸಲ್ಲ ಅಂತ. ನನಗೂ ಸಾಕಾಗಿದೆ, ಬುರ್ಕಿ. ಒಂದು ಮಾತನ್ನ ಒಂದೇ ಸಲ ಆಡಿ ಯಾವ ಕಾಲ ಆಯ್ತೋ!"

"ಪಾರಾಯಣ ಒಂದು ಆಗ್ಲಿ. ಅಲ್ಲೇನು ಕೇಳಿಸ್ಕೊಳ್ಳೋದಿದೆ? ಸೊನ್ನೆ ತಾನೆ?"

"ಮುಂದಿನ ವರ್ಷ?"

"ಮುಂದಿನ ವರ್ಷಾನೂ ಸೊನ್ನೇನೇ."

ಕ್ಲಬ್ಬಿನ ಹಾಲ್‌ನಲ್ಲಿ ಸಾವಿನ ಮನೆಯ ಊಟದ ಕಳೆ ಇತ್ತು. ಜನ ಪ್ಲಾಸ್ಟಿಕ್ ಫೋರ್ಕಿನಿಂದ ಆಲೂಗಡ್ಡೆಯನ್ನು ಅತ್ತ ತಳ್ಳಿ ಇತ್ತ ತಳ್ಳಿ ಕೂತಿದ್ದರು. ಅಧ್ಯಕ್ಷ ಡ್ರೇಸನ್ ಎರಡು ಮಾತಾಡಿದ. ಎರಡೂ ಬುರ್ಕ್‌ಹಾರ್ಟನಿಗೆ ಕೇಳಿಸಲಿಲ್ಲ; ಉಳಿದವರು ಕೇಳಿಸಿಕೊಂಡರೂ ಅವರಿಗೆ ಹೆಚ್ಚೇನೂ ಸಿಕ್ಕಂತೆ ಕಾಣಲಿಲ್ಲ. ವೇದಿಕೆಯ ಎಡಗಡೆ, ಮೊದಲ ಮೇಜಿನಲ್ಲಿ ಗೆರ್ಲಿಂಡೆ ಪಾಪನ್‌ಫುಸ್ ಕೂತಿದ್ದರು. ಎಂಬತ್ತು ದಾಟಿದ ಮುದುಕಿ. ಗಂಡ ಗಣಿಯಲ್ಲಿದ್ದ ಕಾಲದಿಂದ ಕಟ್ಟೆಯ ಅದೇ ಜಾಗದಲ್ಲಿ ನಿಂತು ಎರಡು ಲೀಗುಗಳ ರೆಫರಿಗಳನ್ನು ಬೈದವರು. ಎರಡೂ ಕಿವಿಗೆ ಬುರ್ಕ್‌ಹಾರ್ಟ್ ಮಾರಿದ ಯಂತ್ರ.

"ಶುರು ಮಾಡಪ್ಪಾ," ಎಂದು ಗೆರ್ಲಿಂಡೆ ಕೈಯಾಡಿಸಿದರು. "ಹೆಣ ಎಷ್ಟು ಹೊತ್ತು ಇಟ್ಕೊಂಡು ಕೂರೋದು?"

ಕೈ ಕಂಡಿತು. ಬುರ್ಕ್‌ಹಾರ್ಟ್ ಶುರು ಮಾಡಿದ.

ನಮ್ಮ ಪಂದ್ಯಗಳಿಗೆ ಮುಂಚೆ ಮೇಲಿನ ಲೀಗುಗಳ ಸುದ್ದಿ; ಮೊದಲನೆಯ ಲೀಗನ್ನು ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆ. "ಮೇಲೆ ಗೆಲ್ಲೋರು ಗೆದ್ರು, ಅಳೋರು ಅತ್ರು, ಟಿಕೆಟ್ ಬೆಲೆ ಎಲ್ರದ್ದೂ ಏರ್ತು." ಎರಡನೆಯ ಲೀಗಿಗೆ ಎರಡು ವಾಕ್ಯ, ನಾವೂ ಒಂದು ಕಾಲಕ್ಕೆ ಅಲ್ಲಿದ್ದೆವೆಂಬ ಮರ್ಯಾದೆಗೆ. "ಅಲ್ಲಿ ಹಳೇ ದೊಡ್ಮನುಷ್ಯರು ಬಸ್‌ಸ್ಟ್ಯಾಂಡಲ್ಲಿ ಸೂಟು ಹಾಕ್ಕೊಂಡು ನಿಂತಿದ್ದಾರೆ. ಮೇಲಕ್ಕೆ ಹೋಗೋ ಬಸ್ಸು ಈ ವರ್ಷಾನೂ ಅವ್ರ ಮುಂದೆ ನಿಲ್ಲಿಲ್ಲ." ಕೆಲವರು ನಕ್ಕರು. ನಕ್ಕವರ ಭುಜ ಅಲುಗಿದ್ದು ಅವನಿಗೆ ಕಂಡಿತು. ಇಲ್ಲಿಂದ ಮುಂದೆ ಹಾಳೆ ನೋಡಿ ಓದಬೇಕು. ಓದುವ ಕನ್ನಡಕ ಏರಿಸಿದ. ಅದನ್ನು ಹಾಕಿದರೆ ಹಾಳೆ ಚೆನ್ನಾಗಿ ಕಾಣುತ್ತಿತ್ತು. ಹಾಳೆಯ ಆಚೆಗಿನ ಜನರೆಲ್ಲ ಮಂಜಿನಲ್ಲಿ ನಿಂತ ಹಸುಗಳಾಗುತ್ತಿದ್ದರು. ಈಗ ಅವನಿಗೆ ತುಟಿಗಳೂ ಇಲ್ಲ.

"ಆಗಸ್ಟು. ಮೊದಲನೇ ಪಂದ್ಯ. ಹೊಸ ಕೋಚು, ಹೊಸ ಶರ್ಟು, ಹಳೇ ಕಾಲು. ಲೋಬೆಕ್?"

"ಎರಡು!"

"ಎದುರಾಳಿ?"

"ಸೊನ್ನೆ!"

"ಥ್ಯಾಂಕ್ಸ್!"

"ಪರವಾಗಿಲ್ಲ!"

ಹೀಗೆಯೇ ಸೆಪ್ಟೆಂಬರು ಕಳೆಯಿತು. ಮೊದಲ ಕೋಚ್ ಹೋದ. ಅಕ್ಟೋಬರಿನಲ್ಲಿ ಎರಡನೆಯ ಕೋಚ್ ಬಂದು, ಊರಿನಲ್ಲಿ ಬಾಡಿಗೆ ಮನೆ ಸಿಗುವ ಮೊದಲೇ ಹೋದ. ಉತ್ತರದ ಬಂದರೂರಿನಲ್ಲಿ ನಮ್ಮವರೇ ನಮ್ಮ ಗೋಲಿಗೆ ಎರಡು ಹೊಡೆದರು. ಅದಕ್ಕೂ ಸೊನ್ನೆ. ಮೊದಲನೆಯ ಹಾಳೆ ಮುಗಿಯಿತು. ಬುರ್ಕ್‌ಹಾರ್ಟ್ ಮೈಕು ಕೆಳಗಿಟ್ಟು, ಬಿಯರು ಕುಡಿದು, ಕನ್ನಡಕ ಒರೆಸಿ, ಎರಡನೆಯ ಹಾಳೆ ಹುಡುಕತೊಡಗಿದ.

ಆ ಹೊತ್ತಿನಲ್ಲಿ ನಡೆದದ್ದು ಅವನಿಗೆ ತಿಳಿದದ್ದು ಆಮೇಲೆ, ರೋಸ್ವಿಟಾ ಹೇಳಿ. ನಾವು ಈಗಲೇ ಕೇಳಿಬಿಡೋಣ.

ಗೆರ್ಲಿಂಡೆ ಮೇಜು ಹಿಡಿದುಕೊಂಡು ಎದ್ದರು. "ಸಾಕು ಮಾಡ್ರಪ್ಪಾ ಈ ಸೊನ್ನೇನ!" ಎಂದರು. "ಒಂದು ಗೋಲಿಗೆ ಬಿದ್ವಿ. ಒಂದು! ನಾವು ಲೆಕ್ಕಕ್ಕೆ ಹಿಡೀದೇ ಇದ್ದದ್ದನ್ನೆಲ್ಲ ಲೀಗಿನೋರು ಒಂದೊಂದಾಗಿ ಎಣಿಸಿಟ್ಕೊಂಡಿದ್ರು. ಇನ್ಮೇಲೆ ಎಷ್ಟು ತಿಂದಿದ್ದೀವೋ ಅಷ್ಟನ್ನ ಬಾಯ್ಬಿಟ್ಟು ಹೇಳಿ."

"ಗೆರ್ಲಿಂಡೆ, ಇವತ್ತೊಂದು ದಿನ ಬಿಡಿ," ಎಂದ ಡ್ರೇಸನ್. "ಮೊದ್ಲೇ ಜನಕ್ಕೆ ಬೇಜಾರಾಗಿದೆ."

"ದಿನಾ ಊರೋರ ಬಾಯೆಲ್ಲ ತೆಗೆಸ್ತೀಯ. ಇವತ್ತು ನಿನ್ನದು ಮುಚ್ಕೊಂಡಿರು."

ಜನ ಮೇಜು ಕುಟ್ಟಿದರು. ವೇದಿಕೆಯ ಮೇಲೆ ಬುರ್ಕ್‌ಹಾರ್ಟ್ ತನಗೇ ಮೇಜು ಕುಟ್ಟಿದರೆಂದುಕೊಂಡು ತಲೆಬಾಗಿದ. ರೋಸ್ವಿಟಾ ಹಿಂದಿನ ಸಾಲಿನಿಂದ ಎದ್ದು ಎರಡೂ ಕೈ ಎತ್ತಿ ಬೀಸಿದಳು. ಅವನು ಕನ್ನಡಕ ಏರಿಸಿಯಾಗಿತ್ತು. ಮಂಜಿನಲ್ಲಿ ಯಾವುದೋ ಹಸು ಎದ್ದು ನಿಂತಂತೆ ಕಂಡಿತು, ಅಷ್ಟೇ.

"ನವೆಂಬರು. ನಮ್ಮ ಮೈದಾನ. ಮಂಜು ಎಷ್ಟಿತ್ತೂಂದ್ರೆ ಆಟ ನೋಡೋಕಾಗ್ದೆ ಎಲ್ರೂ ಖುಷಿಯಾಗಿದ್ರು. ಲೋಬೆಕ್?"

"ಸೊನ್ನೆ!"

"ಎದುರಾಳಿ?"

"ನಾಲ್ಕು!"

"ಥ್ಯಾಂಕ್ಸ್!"

ಹಾಲ್ ಬಿದ್ದು ಬಿದ್ದು ನಕ್ಕಿತು. ಮುಖದ ಒಂದು ಗೆರೆಯೂ ಅಲುಗದೆ ನಾಲ್ಕು ಗೋಲಿಗೆ ಥ್ಯಾಂಕ್ಸ್ ಹೇಳಿದನಲ್ಲ, ಎಂಥ ನಟ! ನಗುವಿನ ಅಲೆ ಬುರ್ಕ್‌ಹಾರ್ಟನ ಎದೆಗೆ ತಾಗಿತು. ಇಷ್ಟು ಜೋರು ನಗು ಅವನ ಪಾರಾಯಣಕ್ಕೆ ಎಂದೂ ಬಂದಿರಲಿಲ್ಲ. ಹುರುಪು ಬಂದು, ಪ್ರತಿ ವರ್ಷದ ತನ್ನ ಜೋಕನ್ನೂ ಸೇರಿಸಿದ: "ನೋಡಿ, ಕ್ರಿಸ್‌ಮಸ್ ಬಂತು, ನಮ್ಮ ಗೋಲಿಗೆ ಇನ್ನೂ ಒಂದು ಚೆಂಡೂ ನುಗ್ಗಿಲ್ಲ!"

ಜನ ಕಣ್ಣೊರೆಸಿಕೊಂಡರು. ಮೂಲೆ ಮೇಜಿನಲ್ಲಿದ್ದ ಮಾಂಸದಂಗಡಿಯವನಿಗೆ ತಾನೂ ನಾಟಕದಲ್ಲಿ ಒಂದು ಪಾತ್ರ ಮಾಡಬೇಕೆನಿಸಿತು. ಮುಂದಿನ "ಎದುರಾಳಿ?"ಗೆ ಅವನು ಎಲ್ಲರಿಗಿಂತ ಮೊದಲು "ಹದಿನೇಳು!" ಎಂದು ಕೂಗಿದ.

"ಥ್ಯಾಂಕ್ಸ್!" ಎಂದ ಬುರ್ಕ್‌ಹಾರ್ಟ್, ತೃಪ್ತಿಯಿಂದ. "ಇದೇ ತರ ಆಡಿದ್ರೆ ಮೇಲಕ್ಕೇ ಹೋಗ್ತೀವಿ."

ಈ ಸಲ ನಗು ಅರ್ಧಕ್ಕೆ ನಿಂತಿತು. ಮೊದಲು ನಿಂತದ್ದು ಗೆರ್ಲಿಂಡೆಯದು. ವೇದಿಕೆಯ ಮೇಲಿದ್ದ ಆ ಮುಗುಳ್ನಗೆಯನ್ನು ಅವರು ದಿಟ್ಟಿಸಿ ನೋಡಿದರು. ಸ್ವಲ್ಪ ತಡವಾಗಿ ಬಂದು, ಸ್ವಲ್ಪ ಹೆಚ್ಚಾಗಿಯೇ ಉಳಿಯುವ ನಗೆ. ಯಂತ್ರ ಹಾಕಿಸಿಕೊಳ್ಳುವ ಮೊದಲು ಅದೇ ನಗೆಯನ್ನು ಹತ್ತು ವರ್ಷ ತಮ್ಮ ಮುಖದ ಮೇಲೆ ಹೊತ್ತು ಮದುವೆ, ಸಾವು, ಬ್ಯಾಂಕು, ಬೇಕರಿ ಎಲ್ಲವನ್ನೂ ಸುತ್ತಿದವರು ಅವರು. ಹಿಂದೆ ತಿರುಗಿ ರೋಸ್ವಿಟಾಳನ್ನು ನೋಡಿದರು. ರೋಸ್ವಿಟಾ ಕೈ ಇಳಿಸಿ ಕೂತುಬಿಟ್ಟಿದ್ದಳು.

ಗೆರ್ಲಿಂಡೆ ತಮ್ಮ ಕಿವಿ ಮುಟ್ಟಿ, ವೇದಿಕೆಯ ಕಡೆ ಬೆರಳು ತೋರಿಸಿ, ತಲೆಯಲ್ಲಾಡಿಸಿದರು. ಮೇಜಿನಿಂದ ಮೇಜಿಗೆ ವಿಷಯ ಹೋಯಿತು. ಆಮೇಲೆ ಮುದುಕಿ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಗಾಳಿಯಲ್ಲಿ ಒಂದು ಸೊನ್ನೆ ಎತ್ತಿ ಹಿಡಿದರು.

"ಫೆಬ್ರುವರಿ. ಪೆನಾಲ್ಟಿ ಸಿಕ್ತು. ಚೆಂಡು ಈಗ್ಲೂ ಕಾಲುವೆ ಕಡೆ ಹೋಗ್ತಾನೇ ಇದೆ. ಲೋಬೆಕ್?"

"ಒಂದು!"

"ಎದುರಾಳಿ?"

"ಸೊನ್ನೆ!" ಎಂದಿತು ಹಾಲ್.

ನಿಜದಲ್ಲಿ ಮೂರು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಸುಳ್ಳು ಸಾಕೆಂದು ಮೇಜು ಕುಟ್ಟಿದವರೇ ಈಗ ಅದನ್ನು ಮತ್ತೆ ಹೆಗಲಿಗೇರಿಸಿ, ಮಾರ್ಚಿನ ಐದು, ಏಪ್ರಿಲಿನ ಎರಡು, ಎಲ್ಲಕ್ಕೂ ಸೊನ್ನೆ, ಸೊನ್ನೆ ಎಂದು ಎಳೆದರು. ದಣಿದ ಜನ ಸೋಫಾ ಹೊತ್ತು ನಾಲ್ಕನೆಯ ಮಹಡಿ ಹತ್ತುವ ಹಾಗೆ. ಬುರ್ಕ್‌ಹಾರ್ಟನಿಗೆ ಗದ್ದಲ ತೆಳುವಾದದ್ದು ಮಾತ್ರ ತಿಳಿಯಿತು. ಬೆಳಿಗ್ಗೆಯಿಂದ ಬಿಯರು, ಪಾಪ, ಎಂದುಕೊಂಡ.

"ಮೇ. ನಿನ್ನೆ. ನಮ್ಮ ಮೈದಾನ." ಅವನ ದನಿಯೂ ತಗ್ಗಿತು. "ಏನ್ ಹೇಳೋದು? ಎಲ್ರೂ ಇದ್ರಿ. ಲೋಬೆಕ್?"

"ಸೊನ್ನೆ." ಇದನ್ನು ಹೇಳಲು ಕಷ್ಟವಿರಲಿಲ್ಲ, ನಿಜವೇ ಆಗಿತ್ತು.

"ಎದುರಾಳಿ?"

ಯಾರಿಗೂ ಬಾಯಿ ಬರಲಿಲ್ಲ. ಮೂರು ಎನ್ನಲೂ ಬರಲಿಲ್ಲ, ಸೊನ್ನೆ ಎನ್ನಲೂ ಬರಲಿಲ್ಲ. ಗೆರ್ಲಿಂಡೆ ಕೂಡ ಬೆರಳಿನ ಸೊನ್ನೆ ಬಿಚ್ಚಿ ತಟ್ಟೆ ನೋಡುತ್ತಾ ಕೂತರು.

ಬುರ್ಕ್‌ಹಾರ್ಟ್ ರೂಢಿಯಂತೆ ಒಂದು ಉಸಿರು ಬಿಟ್ಟು ಹೇಳಿದ: "ಥ್ಯಾಂಕ್ಸ್!"

ಪರವಾಗಿಲ್ಲ ಬರಲಿಲ್ಲ. ಸದ್ದೇ ಬರಲಿಲ್ಲ. ನೆಲ ಅದುರಲಿಲ್ಲ, ಎದೆಗೆ ಏನೂ ತಾಗಲಿಲ್ಲ. ಅವನು ಕನ್ನಡಕ ತೆಗೆದ. ಮಂಜು ಸರಿದು ಹಾಲ್ ತುಂಬ ಮುಖಗಳು ಮೂಡಿದವು. ಎಲ್ಲ ಬಾಯಿಗಳೂ ಮುಚ್ಚಿದ್ದವು. ಈಗಷ್ಟೇ ಕೂಗಿ ಮುಚ್ಚಿದ ಬಾಯಿಗಳಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ತಾನು ಯಾವುದಕ್ಕೆ ಥ್ಯಾಂಕ್ಸ್ ಹೇಳಿದೆ? ಈ ಒಂದಕ್ಕೆ ಮಾತ್ರವೇ, ಇಲ್ಲಾ ಇನ್ನೂ ಎಷ್ಟಕ್ಕೆ? ಅಷ್ಟು ಜೋರಾಗಿ ನಕ್ಕದ್ದು ಯಾವುದಕ್ಕೆ? ಕಿವಿಯ ತುದಿ ಬಿಸಿಯಾಯಿತು. ಅದೊಂದು ಕೆಲಸ ಕಿವಿಗೆ ಈಗಲೂ ಬರುತ್ತಿತ್ತು.

ಗೆರ್ಲಿಂಡೆ ವೇದಿಕೆಯ ಒಂದೇ ಮೆಟ್ಟಿಲನ್ನು ನಿಧಾನವಾಗಿ ಹತ್ತಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತರು. ತುಟಿಗಳನ್ನು ಅಗಲವಾಗಿ ಬಿಡಿಸಿ, ಕಿವಿಯಿಲ್ಲದವರಿಗೆ ಮಾತಾಡುವ ಹಾಗೆ ಹೇಳಿದರು: "ಪರವಾಗಿಲ್ಲ, ಬುರ್ಕ್‌ಹಾರ್ಟ್."

ಅವನು ಮೈಕನ್ನು ಬಾಯಿಗೆ ತಂದ. "ನಂಗೆ ಕೇಳ್ಸಲ್ಲ," ಎಂದ. "ಮೂರು ವರ್ಷ ಆಯ್ತು."

ಮೂಲೆಯಿಂದ ಮಾಂಸದಂಗಡಿಯವನು ಏನೋ ಕೂಗಿದ. ರೋಸ್ವಿಟಾ ಅಷ್ಟರಲ್ಲಿ ಪಕ್ಕಕ್ಕೆ ಬಂದಿದ್ದಳು, ಬಲಗಿವಿಗೆ ಬಾಯಿಟ್ಟು ಮುಟ್ಟಿಸಿದಳು: "ಹದಿನೇಳು ಗೋಲಿಗೆ ಥ್ಯಾಂಕ್ಸ್ ಹೇಳ್ದಾಗಲೇ ಗೊತ್ತಾಯ್ತಂತೆ."

ಬುರ್ಕ್‌ಹಾರ್ಟ್ ಮೈಕಿನ ವೈರನ್ನು ಕೈಗೆ ಸುತ್ತಿ, ಡ್ರೇಸನ್ನನ ಬಳಿ ಹೋಗಿ ಒಪ್ಪಿಸಿದ. ಇದನ್ನು ಹೇಗೆ ಮಾಡಬೇಕೆಂದು ಮೂರು ವರ್ಷ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ. ಅಭ್ಯಾಸದಲ್ಲಿ ಅವನು ಇದಕ್ಕಿಂತ ಎತ್ತರವಾಗಿ ಕಾಣುತ್ತಿದ್ದ.

ಡ್ರೇಸನ್ ಮೈಕನ್ನು ನೋಡಿದ, ತಗೊಳ್ಳಲಿಲ್ಲ. "ಇದನ್ನ ನಾನೇನ್ ಮಾಡ್ಲಿ?"

"ರೇಡಿಯೋದೋನು?" ಎಂದ ಬುರ್ಕ್‌ಹಾರ್ಟ್.

"ಅವ್ನು ನಿನ್ನೆ ಸಾಯಂಕಾಲವೇ ಫೋನ್ ಮಾಡ್ದ. ನಾಲ್ಕನೇ ಲೀಗಿಗೆ ಬರಲ್ವಂತೆ." ಡ್ರೇಸನ್ ಹಣೆ ಒರೆಸಿಕೊಂಡ. "ಕೋಚ್ ಹೋದ, ಗೋಲ್‌ಕೀಪರ್ ಹೋದ, ಶರ್ಟಿನ ಮೇಲೆ ಹೆಸರು ಹಾಕಿಸ್ಕೊಂಡಿದ್ದ ಪೇಂಟಿನ ಕಂಪನಿ ಹೋಯ್ತು. ಉಳ್ದಿರೋನು ನೀನೊಬ್ನೇ ಕಣಯ್ಯಾ. ಅಂಗಡೀಲಿ ಯಂತ್ರ ಇಲ್ವಾ? ಹಾಕ್ಕೊಂಡ್ ಬಾ."

ರೋಸ್ವಿಟಾ ಇದನ್ನು ಒಂದಕ್ಷರ ಬಿಡದೆ ಮುಟ್ಟಿಸಿದಳು. ಅವನು ಹುಟ್ಟಿದಾಗಿನಿಂದ ಯಾರೂ ಅವನಿಗೆ ಇಷ್ಟು ಕಡಿಮೆ ಮರ್ಯಾದೆಯ ಸಿಹಿ ಸುದ್ದಿ ಕೊಟ್ಟಿರಲಿಲ್ಲ.

"ಒಂದು ಷರತ್ತು," ಎಂದರು ಗೆರ್ಲಿಂಡೆ, ಬೆರಳೆತ್ತಿ. "ಕೇಳಿಸ್ಕೊಂಡ್ ಮೇಲೇನೇ ಥ್ಯಾಂಕ್ಸ್ ಹೇಳ್ಬೇಕು."

ಮರುದಿನ ಅಂಗಡಿಯ ಗಾಜಿನ ಕೋಣೆಯಲ್ಲಿ ಬುರ್ಕ್‌ಹಾರ್ಟ್ ಗಿರಾಕಿಯ ಕುರ್ಚಿಯಲ್ಲಿ ಕೂತ. ರೋಸ್ವಿಟಾ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, "ಕೇಳ್ಸಿದ್ರೆ ಒತ್ತು, ಕೇಳ್ಸಿದ ಹಾಗೆ ಅನ್ಸಿದ್ರೆ ಒತ್ಬೇಡ," ಎಂದಳು. ಎಲ್ಲರಿಗೂ ಹೇಳುವ ಮಾತೇ. ಅವನಿಗೆ ಹೇಳುವಾಗ ಮಾತ್ರ ಕೊನೆಯ ಭಾಗಕ್ಕೆ ಸ್ವಲ್ಪ ಒತ್ತು ಬಿತ್ತು.

ಆಗಸ್ಟಿನಲ್ಲಿ ನಾಲ್ಕನೆಯ ಲೀಗಿನ ಮೊದಲ ಪಂದ್ಯ. ಕಟ್ಟೆಯ ಅರ್ಧದಲ್ಲಿ ಹುಲ್ಲು ಬಂದಿತ್ತು, ಉಳಿದರ್ಧದಲ್ಲಿ ಜನ ಬಿಡಿಬಿಡಿಯಾಗಿ ನಿಂತಿದ್ದರು. ಬುರ್ಕ್‌ಹಾರ್ಟ್ ಎರಡೂ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ತನ್ನ ಗೂಡಿನಲ್ಲಿ ಕೂತ. ಕೇಳಿಸತೊಡಗಿತು. ಸಾಸೇಜಿನವನು ಎಣ್ಣೆ ಮುಗಿಯಿತೆಂದು ಗೊಣಗಿದ್ದು. ರೆಫರಿ ಸೀನಿದ್ದು. ತಾನು ಆಟಗಾರರ ಹೆಸರು ಓದುವಾಗ ಕಂಬಿಯ ಹತ್ತಿರ ಒಬ್ಬ, "ಈ ಮನುಷ್ಯ ಯಾಕೆ ಹೀಗೆ ಅರಚ್ಕೋತಾನೆ?" ಎಂದದ್ದು. ಇದನ್ನೆಲ್ಲ ಜನ ಇಷ್ಟು ವರ್ಷವೂ ಹೇಳುತ್ತಲೇ ಇದ್ದರೋ? ಅರ್ಧ ಗಂಟೆಯಲ್ಲಿ ಅವನಿಗೆ ಸುಸ್ತಾಯಿತು.

ಎದುರಾಳಿಗಳು ಎರಡು ಹೊಡೆದರು. ಆಮೇಲೆ, ಯಾರೂ ನಿರೀಕ್ಷಿಸದೆ, ಲೋಬೆಕ್ ಒಂದು ಹೊಡೆಯಿತು. ಬುರ್ಕ್‌ಹಾರ್ಟ್ ಎದ್ದು ನಿಂತ.

"ಲೋಬೆಕ್?"

"ಒಂದು!"

"ಎದುರಾಳಿ?"

ಗದ್ದಲ ಎದ್ದು ಇಳಿಯಿತು. ಆದರೆ ಅದು ಅವನ ನೆನಪಿನಲ್ಲಿದ್ದ ಒಂದೇ ಗಂಟಲಿನ ಗುಡುಗಾಗಿರಲಿಲ್ಲ. ಹೆಚ್ಚಿನವರು ಸೊನ್ನೆ ಎಂದರು. ಕೆಲವರು ಎರಡು ಎಂದರು. ಒಬ್ಬ ಆಕಳಿಸಿದ. ಒಂದು ಮುದಿ ದನಿ, "ಎರಡು ಕಣೋ, ಎರಡು! ಕಣ್ಣೂ ಹೋಯ್ತಾ?" ಎಂದಿತು. ಅದು ಯಾರ ದನಿ ಎಂದು ಹೇಳಬೇಕಾಗಿಲ್ಲ. ಬುರ್ಕ್‌ಹಾರ್ಟನ ಕೈ ತಾನಾಗಿ ಬಲಗಿವಿಯ ಹಿಂದೆ, ಯಂತ್ರ ಆರಿಸುವ ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಸಾಕು, ಎಲ್ಲ ಮೊದಲಿನಂತೆ ದುಂಡಗೆ, ಮೆತ್ತಗೆ, ಸೊನ್ನೆಯಾಗುತ್ತದೆ.

ಕಟ್ಟೆಯ ಮೇಲಿಂದ ಗೆರ್ಲಿಂಡೆ ಅವನ ಗೂಡನ್ನೇ ನೋಡುತ್ತಿದ್ದರು. ತಮ್ಮ ಕಿವಿಯ ಹಿಂದೆ ಬೆರಳಿಟ್ಟು, ಬೇಡವೆಂದು ತಲೆಯಾಡಿಸಿದರು.

ಅವನು ಕೈ ಇಳಿಸಿದ. ಕೊನೆಯ ದನಿ ಇಳಿಯುವ ತನಕ, ಆಕಳಿಸಿದವನ ಬಾಯಿ ಮುಚ್ಚುವ ತನಕ ಕಾದ. ಆಮೇಲೆ ಹೇಳಿದ.

"ಥ್ಯಾಂಕ್ಸ್."